ಬಸ್ಸು ಹುಟ್ಟುವ ಊರು

ಜನ ಬಾಡಿಗೆಮನೆ ನೋಡಲು ಹೋದರೆ ಮೊದಲು ಬಾವಿಗೆ ಬಗ್ಗಿ ನೋಡುತ್ತಾರೆ. ಅಡುಗೆಕೋಣೆಯ ಹೊಗೆ ಎತ್ತ ಹೋಗುತ್ತದೆ, ಹಿತ್ತಿಲಿಗೆ ಬಿಸಿಲು ಬೀಳುತ್ತದಾ ಎಂದು ವಿಚಾರಿಸುತ್ತಾರೆ. ನನ್ನ ಸೋದರಮಾವ ಮಾತ್ರ ಮನೆ ನೋಡಲು ಹೋಗಿ ಮನೆಯನ್ನೊಂದು ಬಿಟ್ಟು ಉಳಿದದ್ದೆಲ್ಲ ನೋಡಿ ಬರುತ್ತಿದ್ದರು. ಸೀದಾ ಆ ಊರಿನ ಬಸ್‌ಸ್ಟ್ಯಾಂಡಿಗೆ ಹೋಗುವುದು, ಒಂದು ಚಾ ಹೇಳುವುದು, ಮಧ್ಯಾಹ್ನದವರೆಗೆ ಕೂತು ಯಾವ ಬಸ್ಸು ಎಲ್ಲಿಂದ ಬಂತು, ಹೊರಡುವಾಗ ಎಷ್ಟು ಸೀಟು ಖಾಲಿ ಇತ್ತು ಎಂದು ನೋಡುವುದು. ಅಳದಂಗಡಿಯ ನಮ್ಮ ಮನೆಗೆ ಬಂದಾಗ ನನ್ನ ಅಮ್ಮ, ಎಂದರೆ ಅವರ ಅಕ್ಕ, "ಮನೆ ಹೇಗುಂಟು ಮಾರಾಯ?" ಎಂದು ಕೇಳಿದರೆ ಉತ್ತರ ತಯಾರು: "ಫಸ್ಟ್ ಕ್ಲಾಸ್ ಅಕ್ಕ. ಐದೂವರೆಗೆ ಮೊದಲನೆಯದು ಉಂಟು."

"ನೀನು ಮನೆ ಹುಡುಕುವುದಾ, ಕ್ಲೀನರ್ ಕೆಲಸ ಹುಡುಕುವುದಾ?" ಎಂದು ಅಮ್ಮ ಕೇಳಿದ್ದಕ್ಕೂ ಅವರಿಗೆ ಬೇಸರವಿಲ್ಲ. ಕ್ಲೀನರನಿಗೆ ಸೀಟಿನ ಚಿಂತೆ ಇಲ್ಲ, ಪುಣ್ಯವಂತ ಎಂದು ನಿಟ್ಟುಸಿರು ಬಿಟ್ಟರು.

ಮಾವನದ್ದು ಹೊಲಿಗೆ ಮೆಷಿನಿನ ಬಿಡಿಭಾಗಗಳ ವ್ಯಾಪಾರ. ಸೂಜಿ, ಬಾಬಿನ್, ಬೆಲ್ಟು, ಎಣ್ಣೆಯ ಸಣ್ಣ ಬಾಟ್ಲಿ, ಎಲ್ಲ ಒಂದು ಚೀಲದಲ್ಲಿ. ತಿಂಗಳಲ್ಲಿ ಇಪ್ಪತ್ತು ದಿನ ಶಿವಮೊಗ್ಗ, ಚಿಕ್ಕಮಗಳೂರು, ಹಾಸನಗಳ ಟೈಲರುಗಳ ಅಂಗಡಿ ಸುತ್ತುವುದು. ಮೂರು ಊರಿಗೆ ಮೂರು ಘಾಟಿ. ಹಾಗಾಗಿ ಯಾವ ಘಾಟಿಯ ಬುಡದಲ್ಲಿ ಸಂಸಾರ ಹೂಡಬೇಕು ಎಂಬುದೇ ತೊಂಬತ್ತರ ದಶಕವಿಡೀ ಅವರ ತಲೆಬಿಸಿ.

ಈ ತಲೆಬಿಸಿಯ ನಿಜವಾದ ಬಿಸಿ ತಾಗುತ್ತಿದ್ದದ್ದು ಅವರ ಹೆಂಡತಿಗೆ, ನಮ್ಮ ಮಾಮಿಗೆ. ಮಾಮಿ ಮನೆಯಲ್ಲೇ ರವಕೆ ಹೊಲಿಯುತ್ತಿದ್ದರು. ಗಂಡಸರಿಗೆ ಇದು ಗೊತ್ತಿರುವುದಿಲ್ಲ, ಹೇಳಿಬಿಡುತ್ತೇನೆ: ಹೆಂಗಸು ಚಿನ್ನವನ್ನಾದರೂ ಗುರ್ತವಿಲ್ಲದವರ ಕೈಗೆ ಕೊಟ್ಟಾಳು, ಅಳತೆ ರವಕೆಯನ್ನು ಕೊಡುವುದಿಲ್ಲ. ಅಳತೆ ರವಕೆ ಎಂದರೆ ಮೈಗೆ ಸರಿಯಾಗಿ ಕೂರುವ ಒಂದೇ ಒಂದು ಹಳೆಯ ರವಕೆ. ಅದನ್ನು ನೋಡಿಯೇ ಹೊಸತನ್ನು ಕತ್ತರಿಸುವುದು. ಹೊಸ ಟೈಲರಿಗೆ ಮೊದಲು ದಿಂಬಿನ ಕವರು ಕೊಡುತ್ತಾರೆ. ಅದು ಸರಿಯಾದರೆ ಮಗುವಿನ ಲಂಗ. ಆಮೇಲೆ ಒಂದು ವರ್ಷ ಆಚೆ ಈಚೆ ನೋಡಿ, ನೆರೆಮನೆಯವಳ ಕೈ ಎತ್ತಿಸಿ ಕಂಕುಳ ಪರೀಕ್ಷೆ ಮಾಡಿ, ಕೊನೆಗೆ ಅಳತೆ ರವಕೆ ಕೊಡುತ್ತಾರೆ. ಮಾಮಿಯ ಕೈಗೆ ಊರಿನ ಅಳತೆ ರವಕೆಗಳು ಬರತೊಡಗುವ ಹೊತ್ತಿಗೆ ಸರಿಯಾಗಿ ಮಾವನಿಗೆ ಇನ್ನೊಂದು ಊರಿನ ಬಸ್‌ಸ್ಟ್ಯಾಂಡು ಚಂದ ಕಾಣುತ್ತಿತ್ತು.

ಮೊದಲ ಮನೆ ಮೂಡಬಿದಿರೆಯಲ್ಲಿ. ನಾನು ಆಗ ಅಲ್ಲಿಯೇ ಶಾಲೆಯಲ್ಲಿ ಟೀಚರ್ ಆಗಿದ್ದೆ, ಆದ್ದರಿಂದ ಎಲ್ಲ ಕಣ್ಣಾರೆ ಕಂಡದ್ದು. ಬೆಳಿಗ್ಗೆ ಶಿವಮೊಗ್ಗದ ಬಸ್ಸು ಅಲ್ಲಿಂದಲೇ ಹೊರಡುತ್ತಿತ್ತು. ಮಾವನ ಭಾಷೆಯಲ್ಲಿ ಅದು 'ಬಸ್ಸು ಹುಟ್ಟುವ ಊರು'. ಖಾಲಿ ಬಸ್ಸು ನಿಂತಿರುತ್ತದೆ, ಹೊರಗಿನಿಂದಲೇ ಕಿಟಕಿಯೊಳಗೆ ಹೆಗಲ ಬೈರಾಸು, ಎಂದರೆ ಟವೆಲು, ಎಸೆದರೆ ಸೀಟು ನಮ್ಮದು. ಬೈರಾಸು ಬಿದ್ದ ಸೀಟಿನಲ್ಲಿ ಮಂತ್ರಿ ಬಂದರೂ ಕೂರಬಾರದು, ಅದು ನಮ್ಮ ಕಡೆಯ ಕಾನೂನು. ಮಾವನ ಕೆಂಪು ಗೆರೆಯ ಬೈರಾಸನ್ನಂತೂ ಎಲ್ಲ ಕಂಡಕ್ಟರುಗಳೂ ಬಲ್ಲರು.

ಒಂದು ದಿನ ಬೈರಾಸು ಎಸೆದು ಚಾ ಕುಡಿಯಲು ಹೋದರು. ಬನ್ಸು ಬಿಸಿ ಇತ್ತು, ಎರಡನೆಯದು ಹೇಳಿದರು. ಬಸ್ಸು ಹೋಯಿತು. ಮರುದಿನ ಕಂಡಕ್ಟರ್ ಬೈರಾಸನ್ನು ಮಡಚಿ ತಂದುಕೊಟ್ಟ. ಘಾಟಿಯಲ್ಲಿ ಜನ ನಿಲ್ಲಲು ಜಾಗವಿಲ್ಲದೆ ಒದ್ದಾಡಿದರಂತೆ. ಆದರೆ ಬೈರಾಸು ಮಾತ್ರ ಕಿಟಕಿಯ ಪಕ್ಕ ಕೂತು ಶಿವಮೊಗ್ಗ ನೋಡಿ ಬಂತು, ಯಾರೂ ಎಬ್ಬಿಸಲಿಲ್ಲ.

"ನೋಡಿದೆಯಾ, ಎಷ್ಟು ಮರ್ಯಾದೆಯ ಊರು!" ಎಂದು ಹೊಗಳಿದವರು ಮೂರೇ ತಿಂಗಳಲ್ಲಿ ಅದೇ ಊರನ್ನು ಬಿಟ್ಟರು. ಹಾಸನದ ವ್ಯಾಪಾರ ಹೆಚ್ಚಿತ್ತು, ಹಾಸನಕ್ಕೆ ಬಿ.ಸಿ.ರೋಡಿಗೆ ಹೋಗಿ ಬಸ್ಸು ಬದಲಿಸಬೇಕು. ಬದಲಿಸುವುದಾದರೆ ಬಸ್ಸು ಯಾಕೆ, ಮನೆಯನ್ನೇ ಬದಲಿಸುವ ಎಂದರು.

ಬಿ.ಸಿ.ರೋಡಿನಲ್ಲಿ ನಿಂತರೆ ಭೂಲೋಕದ ಬಸ್ಸುಗಳೆಲ್ಲ ಬರುತ್ತವೆ. ಆದರೆ ಎಲ್ಲವೂ ಮಂಗಳೂರಿನಲ್ಲಿ ಹುಟ್ಟಿ, ಹೊಟ್ಟೆ ತುಂಬಿಸಿಕೊಂಡೇ ಬರುತ್ತವೆ. ಬೈರಾಸು ಎಸೆದರೆ ಯಾರದಾದರೂ ಮುಖಕ್ಕೇ ಬೀಳಬೇಕು. ಮಾವ ಬೇರೆ ಉಪಾಯ ಮಾಡಿದರು. ಬಸ್ಸು ಹತ್ತಿದವರೇ "ಎಲ್ಲಿ ಇಳಿಯುವುದು?" ಎಂದು ಪ್ರತಿಯೊಬ್ಬರನ್ನೂ ಕೇಳಿ, ಹತ್ತಿರದ ಊರು ಹೇಳಿದವರ ಪಕ್ಕ ನಿಲ್ಲುವುದು. ಒಬ್ಬರು "ಉಪ್ಪಿನಂಗಡಿ" ಎಂದರು. ಮಾವ ಅವರ ಚೀಲ ಸರಿಸಿಕೊಟ್ಟರು, ಕಿಟಕಿ ಹಾಕಿಕೊಟ್ಟರು, ಉಪ್ಪಿನಂಗಡಿ ಬಂದಾಗ ನಿದ್ದೆಯಿಂದ ಮೆಲ್ಲಗೆ ತಟ್ಟಿ ಎಬ್ಬಿಸಿದರು.

"ನನಗೆ ಹಾಸನಕ್ಕೆ ಹೋಗಲಿಕ್ಕುಂಟು," ಎಂದರು ಅವರು. "ನಿಮಗೆ ಸಮಾಧಾನ ಆಗಲಿ ಅಂತ ಉಪ್ಪಿನಂಗಡಿ ಹೇಳಿದ್ದು."

ಇತ್ತ ಮಾಮಿಯ ಕಥೆ ಬೇರೆಯೇ ಆಗಿತ್ತು. ಮೂರು ವರ್ಷಗಳಲ್ಲಿ ಓಣಿಯ ಹೆಂಗಸರೆಲ್ಲ ಅವರನ್ನು 'ಟೈಲರಕ್ಕ' ಮಾಡಿಕೊಂಡಿದ್ದರು. ಮದುವೆಯ ಕಾಲದಲ್ಲಿ ಜಗಲಿಯಲ್ಲಿ ಸಾಲು. ಓಣಿಯ ತುದಿಯ ಬ್ಯಾರಿಗಳ ಮನೆಯ ಐಸಮ್ಮ ತನ್ನ ನಾಲ್ಕು ಹೆಣ್ಣುಮಕ್ಕಳ ಅಳತೆ ರವಕೆಗಳನ್ನು ಒಟ್ಟಿಗೇ ತಂದುಕೊಟ್ಟು, "ಇನ್ನು ಇವರ ಮದುವೆ, ಬಾಣಂತನ, ಎಲ್ಲ ನಿಮ್ಮ ಕತ್ತರಿಗೆ ಸೇರಿದ್ದು" ಎಂದಿದ್ದರಂತೆ. ಮಾಮಿ ಅದನ್ನು ನನಗೆ ಹೇಳುವಾಗ ಮುಖ ನೋಡಬೇಕಿತ್ತು.

ಅಂಥ ಹೊತ್ತಿನಲ್ಲಿ ಮಾವ ಬೆಳ್ತಂಗಡಿಯಲ್ಲಿ ಇಳಿದರು. ಅಲ್ಲಿಂದಲೇ ಬೆಳಿಗ್ಗೆ ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರಿಗೆ ಹೋಗುವ ಹೊಸ ಬಸ್ಸೊಂದು ಹುಟ್ಟಿತ್ತು! ಮನೆಗೆ ಬಂದು, "ಮನೆ ಹಿಡಿದಾಯಿತು. ಜಗಲಿಯಲ್ಲಿ ಬೈರಾಸು ಹಾಕಿ ಬಂದಿದ್ದೇನೆ" ಎಂದರು. (ಮನೆಯ ಯಜಮಾನರು ಅದನ್ನು ಯಾರೋ ಮರೆತದ್ದೆಂದು ಒಗೆದು ಒಣಗಿಸಿಟ್ಟಿದ್ದರು.)

ಮಾಮಿ ಜಗಳ ಮಾಡುವವರಲ್ಲ. ಅಂದು ಮಾತ್ರ ಮೆಷಿನಿನ ಚಕ್ರ ಕೈಯಲ್ಲಿ ಹಿಡಿದು ನಿಲ್ಲಿಸಿ ಹೇಳಿದರಂತೆ, "ಬರ್ತೇನೆ. ಆದರೆ ಇನ್ನೊಂದು ಊರಿನಲ್ಲಿ ದಿಂಬಿನ ಕವರಿನಿಂದ ಶುರುಮಾಡಲಿಕ್ಕೆ ನನ್ನಿಂದ ಆಗುವುದಿಲ್ಲ. ಹೊಲಿಯುವುದು ಇವತ್ತಿಗೆ ಸಾಕು."

ಮಾವ ಅದನ್ನು ತಮಾಷೆ ಎಂದುಕೊಂಡರು. ಸಾಮಾನು ಕಟ್ಟುವುದರಲ್ಲಿ ತನ್ನಷ್ಟು ಚುರುಕು ಯಾರಿದ್ದಾರೆ ಎಂಬ ಹಮ್ಮು ಬೇರೆ. ಮಾಮಿ ಹೊಲಿದ ಬಟ್ಟೆಗಳ ಮೊದಲ ಕಂತನ್ನು ಮನೆಮನೆಗೆ ಕೊಟ್ಟು ಬರುವಷ್ಟರಲ್ಲಿ, ಉಳಿದದ್ದನ್ನೆಲ್ಲ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಟೆಂಪೋದ ಅಡಿಗೆ ತಳ್ಳಿ, ಮೇಲೆ ಕಪಾಟು ಹೇರಿಸಿದ್ದರು.

ಬೆಳ್ತಂಗಡಿಯಲ್ಲಿ ಗಂಟು ಬಿಚ್ಚಿದರೆ ಬಿ.ಸಿ.ರೋಡಿನ ಅರ್ಧ ಓಣಿ ಒಳಗಿತ್ತು! ಹೊಲಿದಾದ ಹೊಸ ರವಕೆಗಳು, ಅಳತೆಯ ಹಳೆಯವು, ಎಲ್ಲ ಒಂದೇ ಗುಡ್ಡೆ. ಐಸಮ್ಮನ ದೊಡ್ಡ ಮಗಳ ಮದುವೆಯ ರವಕೆಯೂ ಅದರಲ್ಲೇ. ನಿಕಾಹ್ ಆದಿತ್ಯವಾರ.

"ನೀವೇ ತಂದದ್ದು, ನೀವೇ ಕೊಟ್ಟು ಬನ್ನಿ," ಎಂದರು ಮಾಮಿ. ಹೇಳಿದಂತೆಯೇ ಮೆಷಿನಿಗೆ ಹೊದಿಸಿದ ಬಟ್ಟೆಯನ್ನು ತೆಗೆದಿರಲೂ ಇಲ್ಲ.

ಯಾವುದು ಯಾರದ್ದು ಎಂಬುದು ಮಾಮಿಯ ತಲೆಯೊಳಗಿತ್ತು. ಅದನ್ನು ಕೇಳುವ ಧೈರ್ಯವಿಲ್ಲದೆ ಮಾವ ಗಂಟು ಹೊತ್ತು ಹೊರಟರು. ಬಿ.ಸಿ.ರೋಡಿನ ಓಣಿಯಲ್ಲಿ, ಹಾಡುಹಗಲಿನಲ್ಲಿ, ಐವತ್ತರ ಪ್ರಾಯದ ಒಬ್ಬ ಗಂಡಸು ಮನೆಮನೆಯ ಬಾಗಿಲು ತಟ್ಟಿ, ಒಂದೊಂದೇ ರವಕೆಯನ್ನು ಎತ್ತಿಹಿಡಿದು "ಇದು ನಿಮ್ಮದಾ ನೋಡಿ" ಎಂದು ಕೇಳಿದರೆ ಹೇಗಿರಬಹುದು? ಮೊದಲ ಮನೆಯವರು ಬಾಗಿಲು ಹಾಕಿದರು. ಎರಡನೆಯ ಮನೆಯವರು ಗಂಡನನ್ನು ಕರೆದರು. ಮೂರನೆಯ ಮನೆಗೆ ಹೋಗುವ ಮೊದಲು ಐಸಮ್ಮ ಓಡಿ ಬಂದು ಗಂಟನ್ನು ಕಿತ್ತುಕೊಂಡರು.

"ನೀವು ಯಾರು?"

"ಟೈಲರಕ್ಕನ ಗಂಡ."

"ಹೌದಾ! ಅವರಿಗೆ ಗಂಡ ಊರಲ್ಲೇ ಇದ್ದಾರಾ? ನಾವು ದುಬೈಯಲ್ಲಿ ಅಂತ ಮಾಡಿದ್ದೆವು."

ಮೂರು ಘಾಟಿಗಳ ಕಂಡಕ್ಟರುಗಳಿಗೆಲ್ಲ ಗುರ್ತವಿದ್ದ ಮನುಷ್ಯ, ಮೂರು ವರ್ಷ ಇದ್ದ ಓಣಿಯಲ್ಲಿ ಗುರ್ತವಿಲ್ಲದೆ ನಿಂತಿದ್ದರು. ಐಸಮ್ಮ ಅವರನ್ನು ಜಗಲಿಯಲ್ಲಿ ಕೂರಿಸಿ ಶರಬತ್ತು ಕೊಟ್ಟರು, ಓಣಿಯ ಹೆಂಗಸರನ್ನೆಲ್ಲ ಕೂಗಿ ಕರೆದರು. ಹೊಸ ರವಕೆಗಳನ್ನು ಅವರವರು ಆರಿಸಿಕೊಂಡರು. ಅಳತೆಯ ಹಳೆಯ ರವಕೆಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಐಸಮ್ಮ ಅವನ್ನು ಒಂದೊಂದಾಗಿ ಮಡಚಿ, ಅದೇ ಬೆಡ್‌ಶೀಟಿನಲ್ಲಿ ಕಟ್ಟಿ ಮಾವನ ಕೈಗೆ ಕೊಟ್ಟರು.

"ಇದು ಅಕ್ಕನ ಹತ್ತಿರವೇ ಇರಲಿ. ಬೇರೆಯವರಿಗೆ ಕೊಡಲಿಕ್ಕೆ ನಮಗೆ ಮನಸ್ಸಿಲ್ಲ. ಅವರು ಯಾವಾಗ ಬರ್ತಾರೋ ಆವಾಗ ಹೊಲಿಸುವ."

ಮಾವ ಆ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬೆಳ್ತಂಗಡಿಗೆ ವಾಪಸು ಬಂದರು. ಬಸ್ಸಿನಲ್ಲಿ ಸೀಟು ಸಿಕ್ಕಿತ್ತಂತೆ, ಆದರೆ ಸಿಕ್ಕಿದ್ದೇ ಗೊತ್ತಾಗಲಿಲ್ಲವಂತೆ. ಮನೆಗೆ ಬಂದು ಗಂಟನ್ನು ಮೆಷಿನಿನ ಮೇಲಿಟ್ಟು ಹೇಳಿದರು, "ಅವರೆಲ್ಲ ಬೈರಾಸು ಹಾಕಿ ಕಾಯ್ತಾ ಇದ್ದಾರೆ ಮಾರಾಯ್ತಿ. ಹೋಗುವ."

ತಿಂಗಳೊಳಗೆ ಮತ್ತೆ ಟೆಂಪೋ. ಹಳೆಯ ಮನೆಗೆ ಬೇರೆಯವರು ಬಂದಾಗಿತ್ತು. ಅದೇ ಓಣಿಯಲ್ಲಿ ಇನ್ನೂ ಕೆಳಗೆ, ಹೊಳೆಯ ಬದಿಗೆ ಒಂದು ಮನೆ ಸಿಕ್ಕಿತು. ಬಸ್‌ಸ್ಟ್ಯಾಂಡಿಗೆ ಚೀಲ ಹೊತ್ತು ಏರುದಾರಿಯಲ್ಲಿ ಅರ್ಧ ಗಂಟೆ. ಮಾವ ಆ ಮನೆಯ ಬಾವಿಯನ್ನು ಬಗ್ಗಿ ನೋಡಿದರು, ಮೆಷಿನು ಇಡುವ ಮೂಲೆಗೆ ಬೆಳಕು ಬರುತ್ತದಾ ಎಂದು ನೋಡಿದರು. ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಲಿಲ್ಲ. ನಾನು ಅಮ್ಮನಿಗೆ ಇದನ್ನು ಹೇಳಿದರೆ, "ಅವನಿಗೆ ಜ್ವರ ಉಂಟಾ ನೋಡು" ಎಂದರು.

ಆಮೇಲಿನ ಹತ್ತು ವರ್ಷ ಮಾವ ಹಾಸನದ ದಾರಿಯ ಶಿರಾಡಿ ಘಾಟಿಯನ್ನು ನಿಂತುಕೊಂಡೇ ಹತ್ತಿದರು, ನಿಂತುಕೊಂಡೇ ಇಳಿದರು.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ದಿನ ನಾನು ಮಾಮಿಯಲ್ಲಿಗೆ ರವಕೆ ಹೊಲಿಸಲು ಹೋಗಿದ್ದೆ. ಜಗಲಿ ತುಂಬ ಹೆಂಗಸರು. ಬೆಂಚಿನಲ್ಲಿ ಜಾಗವಿಲ್ಲ, ಮೆಟ್ಟಿಲಲ್ಲೂ ಇಲ್ಲ, ಐಸಮ್ಮ ಮೊಮ್ಮಗಳೊಂದಿಗೆ ಚಾಪೆಯ ಮೇಲೆ ಕೂತಿದ್ದರು. ಮೆಷಿನಿನ ಪಕ್ಕ, ಕಿಟಕಿಯ ಹತ್ತಿರ ಒಂದು ಕುರ್ಚಿ ಖಾಲಿ ಇತ್ತು. ಅದರ ಮೇಲೆ ಶಿವಮೊಗ್ಗ ನೋಡಿ ಬಂದಿದ್ದ ಆ ಹಳೆಯ ಕೆಂಪು ಗೆರೆಯ ಬೈರಾಸು. ಅಲ್ಲಲ್ಲಿ ನೂಲು ಬಿಟ್ಟದ್ದಕ್ಕೆ ಸಣ್ಣ ಹೊಲಿಗೆ ಬಿದ್ದಿತ್ತು. ಅದನ್ನು ಸರಿಸಿ ಕೂರಲು ಹೊರಟೆ.

ಮಾಮಿ ಸೂಜಿಯಿಂದ ಕಣ್ಣು ತೆಗೆಯಲಿಲ್ಲ.

"ಅದರಲ್ಲಿ ಬೇಡ ಮಗಾ," ಎಂದರು. "ಅವರು ಇವತ್ತು ಬರ್ತಾರೆ. ಹಾಸನದಿಂದ ನಿಂತುಕೊಂಡೇ ಬರುವುದಲ್ವಾ."