ಬೋಳು ಹಣೆಯ ಬುರುಡೆ

ನಾನು ಓದು ಬಿಟ್ಟದ್ದು ೧೯೩೭ರಲ್ಲಿ, ಮಿಡ್ಲ್ ಸ್ಕೂಲಿನ ಎರಡನೇ ಕ್ಲಾಸಿನಲ್ಲಿ. ಓದೇ ನನ್ನನ್ನು ಬಿಟ್ಟಿತು ಎನ್ನುವವರು ಗುಂಡ್ಲುಪೇಟೆಯಲ್ಲಿ ಇನ್ನೂ ಇದ್ದಾರೆ. ಇರಲಿ, ಅವರ ಅಂಗಡಿಗಳ ಬೋರ್ಡು ಬರೆದವನೂ ನಾನೇ. ಚಾಮರಾಜನಗರಕ್ಕೆ ಓಡಾಡುವ ಬಸ್ಸುಗಳ ಹಣೆಯ ಮೇಲಿರುವುದೂ ನನ್ನ ಅಕ್ಷರವೇ. ಬಿಸಿಲು ಮಳೆ ಎನ್ನದೆ ದುಡಿದು ಹೆಸರು ಮಾಡಿದವನು ನಾನು. ಹನ್ನೆರಡು ಮೆಟ್ಟಿಲಿನ ಏಣಿ ಊರಿಗೆಲ್ಲ ನನ್ನೊಬ್ಬನ ಹತ್ತಿರವೇ ಇರುವುದು; ಎಲ್ಲರಿಗೂ ಕಾಣುವ ಹಾಗೆ ಅಂಗಡಿಯ ಗೋಡೆಗೆ ಒರಗಿಸಿಟ್ಟಿರುತ್ತೇನೆ.

ತೆರಕಣಾಂಬಿ ದಾರಿಯಲ್ಲಿ ಕರೆಂಟಿನ ಕಂಬ ನೆಟ್ಟ ವರ್ಷ ಓವರ್ಸಿಯರು ನನ್ನನ್ನು ಕರೆಸಿದರು. "ಅಪಾಯ ಅಂತ ಬರೆದು ತಲೆಬುರುಡೆ ಹಾಕಬೇಕು. ಇಪ್ಪತ್ತು ಬೋರ್ಡು. ಮೊದಲು ಪೆನ್ಸಿಲ್ಲಿನಲ್ಲಿ ಒಂದು ಬರೆದು ತೋರಿಸು" ಎಂದರು. ಸರ್ಕಾರದ ಕೆಲಸ. ಇದೊಂದು ಕೈಗೆ ಬಂದರೆ ಓದಿಲ್ಲದವನು ಎಂದು ಆಡಿಕೊಳ್ಳುವ ಬಾಯಿಗಳೆಲ್ಲ ಮುಚ್ಚುತ್ತಿದ್ದವು.

ಬುರುಡೆಯಷ್ಟು ಸುಲಭದ ಚಿತ್ರ ಇನ್ನೊಂದಿಲ್ಲ. ಮೀಸೆ ತಿದ್ದಬೇಕಾಗಿಲ್ಲ, ಬಣ್ಣ ಕಪ್ಪಾಯಿತು ಎಂದು ಯಾರೂ ಜಗಳಕ್ಕೆ ಬರುವುದಿಲ್ಲ. ಒಂದು ಗುಂಡು, ಎರಡು ಗುಳಿ, ಒಂದು ಸಾಲು ಹಲ್ಲು. ಕಾಫಿ ಆರುವುದರೊಳಗೆ ಮುಗಿಸಿದೆ. ನನ್ನ ಅಂಗಡಿಯ ಬೆಂಚಿನ ಮೇಲೆ ಅಕ್ಕಿ ಗಿರಣಿಯ ಮಾದಪ್ಪನವರು ಕೂತಿದ್ದರು. ಕಾಗದ ಕೈಗೆ ತೆಗೆದುಕೊಂಡರು.

"ಯಾರ್ದಪ್ಪ ಇದು? ನಮ್ಮೋರ್ದಾ?"

"ಯಾರದೂ ಅಲ್ಲ ಗೌಡ್ರೆ, ಬುರುಡೆ ಅಷ್ಟೆ."

"ಯಾರ್ದೂ ಅಲ್ದೆ ಬುರುಡೆ ಎಲ್ಲಿಂದ ಬಂತ್ಲಾ? ಹಣೆ ಬೋಳಾಗದೆ. ಬೆಳಗ್ಗೆ ಎದ್ದು ಇಂಥ ಮೊಕ ನೋಡಾದಾ? ಮೂರ್ ಗೆರೆ ಈಬೂತಿ ಎಳುದ್ಬುಡು."

ಗಿರಣಿಗೆ ಹೊಸ ಬೋರ್ಡು ಬರೆಸುವ ಮಾತು ಆಗಷ್ಟೇ ನಡೆದಿತ್ತು. ಎಳೆದೆ.

ಮಧ್ಯಾಹ್ನ ಬಟ್ಟೆ ಅಂಗಡಿಯ ರಂಗಯ್ಯಂಗಾರ್ಯರು ಬಂದರು. ಚಿತ್ರ ನೋಡಿ ಮೂಗಿನ ತುದಿಗೆ ಕನ್ನಡಕ ಇಳಿಸಿದರು. "ಅಂದರೆ ತಂತಿ ಮುಟ್ಟಿ ಸಾಯೋ ಯೋಗ್ಯತೆ ಅವರಿಗೆ ಮಾತ್ರ ಅಂತಾಯ್ತು. ನಮ್ಮವರಿಗೆ ಕರೆಂಟು ಹೊಡೆಯೋದಿಲ್ವೇನಯ್ಯ?" ಅವರಂಥ ಗಿರಾಕಿಯನ್ನು ಕಳೆದುಕೊಳ್ಳುವುದುಂಟೇ? ವಿಭೂತಿಯ ಮೇಲೊಂದು ನಾಮ ನಿಲ್ಲಿಸಿದೆ. ಸಂಜೆ ನನ್ನ ಹೆಂಡತಿ ಇಣುಕಿದಳು. "ಎಂಗಸ್ರು ಸಾಯಕಿಲ್ವಾ? ಒಂದ್ ಕುಂಕುಮ ಮಡಗಿ ಅಂದ್ರೆ." ಅವಳ ಅಡುಗೆಯನ್ನೂ ನಾನು ಕಳೆದುಕೊಳ್ಳುವ ಹಾಗಿರಲಿಲ್ಲ.

ಓವರ್ಸಿಯರು ಚಿತ್ರವನ್ನು ತುಂಬ ಹೊತ್ತು ನೋಡಿದರು. "ಇದು ಅಪಾಯದ ಬೋರ್ಡೋ, ದೇವರ ಪಟವೋ? ಜನ ಹೆದರಿ ದೂರ ನಿಲ್ಲಲಿ ಅಂತ ಬರೆಸಿದರೆ, ಇದಕ್ಕೆ ಕೈಮುಗಿಯೋಕೆ ಕಂಬದ ಹತ್ತಿರವೇ ಬರುತ್ತಾರೆ. ಎಷ್ಟನೇ ಕ್ಲಾಸಯ್ಯ ನೀನು ಓದಿರೋದು?"

"ಹಣೆ ಬೋಳಿದ್ದರೆ ನಮ್ಮ ಜನ ಒಪ್ಪೋದಿಲ್ಲ ಸ್ವಾಮಿ. ನೀವು ಬಿಟ್ಟರೂ ಅವರೇ ಹಚ್ಚುತ್ತಾರೆ, ನೋಡ್ತಾ ಇರಿ" ಎಂದೆ.

ಇಪ್ಪತ್ತು ಬೋರ್ಡೂ ಚಾಮರಾಜನಗರದ ಡ್ರಾಯಿಂಗ್ ಮೇಷ್ಟರೊಬ್ಬರ ಪಾಲಾದವು. ಸರ್ಟಿಫಿಕೇಟು ಇದ್ದವರು. ನನ್ನಂತೆಯೇ ಒಂದು ಗುಂಡು, ಎರಡು ಗುಳಿ. ಹಣೆ ಮಾತ್ರ ಬೋಳು. ನನ್ನ ಅಂಗಡಿಯ ಎದುರಿನ ಕಂಬಕ್ಕೇ ಒಂದನ್ನು ಕಟ್ಟಿದರು. ಅದು ಇಡೀ ದಿನ ನನ್ನನ್ನು ನೋಡಿ ಹಲ್ಲು ಕಿರಿಯುತ್ತಿತ್ತು.

ವಾರ ಕಳೆಯುವುದರೊಳಗೆ, ತಂತಿಗೆ ಇನ್ನೂ ಕರೆಂಟು ಬಿಡುವ ಮೊದಲೇ, ಆ ಬುರುಡೆಯ ಹಣೆಗೆ ಮೂರು ಬೆರಳಿನ ವಿಭೂತಿ ಬಿದ್ದಿತ್ತು. ಮಾದಪ್ಪನವರು ಚಪ್ಪಲಿ ಬಿಟ್ಟು ಕೈಮುಗಿದರು. "ನಾನು ಅವತ್ತೇ ಏಳ್ನಿಲ್ವಾ" ಎಂದರು. ಸುದ್ದಿ ಕೇಳಿ ಓವರ್ಸಿಯರೂ ಬಂದರು. ನಾನು ಅಂಗಡಿಯ ಬಾಗಿಲಲ್ಲಿ ಎದೆ ಸೆಟೆಸಿ ನಿಂತೆ. "ನಮ್ಮ ಜನ ಹೇಗೆ ಅಂತ ಮೊದಲೇ ಹೇಳಿದ್ದೆ ಸ್ವಾಮಿ. ಇದಕ್ಕೆ ಓದು ಬೇಕಾಗಿಲ್ಲ."

ಅವರು ತಲೆ ಎತ್ತಿ ಬೋರ್ಡು ನೋಡಿದರು. ಕಂಬದ ಬುಡದಿಂದ ಅಲ್ಲಿಗೆ ಎರಡು ಆಳು ಎತ್ತರ. ಆಮೇಲೆ ನನ್ನ ಗೋಡೆಯ ಕಡೆ ನೋಡಿದರು. "ಅಷ್ಟು ಮೇಲಕ್ಕೆ ಕೈ ಹೇಗಯ್ಯ ಎಟುಕಿತು ನಿಮ್ಮ ಜನಕ್ಕೆ?" ಎಂದಷ್ಟೇ ಕೇಳಿ ಸೈಕಲ್ ಹತ್ತಿದರು.

ಈಗ ನನ್ನಲ್ಲಿರುವುದು ಇಷ್ಟು: ಕುಂಚ ಆರು, ಪೆನ್ಸಿಲ್ಲು ಒಂದು, ವಿಭೂತಿ ನಾಮ ಕುಂಕುಮ ಮೂರೂ ಇರುವ ಬುರುಡೆ ಒಂದು, ಮತ್ತು ಊರಿಗೆಲ್ಲ ಒಂದೇ ಒಂದಾದ ಏಣಿ.