ಚಹಾ ಕುಡಿಯುವ ಪ್ಯಾನಲ್ಲು

ಯಲಬುರ್ಗಾದ ಕರೆಂಟ್ ಆಫೀಸಿನಲ್ಲಿ ಹತ್ತೊಂಬತ್ತು ವರ್ಷ ಬಿಲ್ ಬರೆದರೂ ಪಂಪಾಪತಿಗೆ ಒಂದು ಕೊರಗು ಉಳಿದೇ ಇತ್ತು. ಓಣಿಯವರ ಕಣ್ಣಿಗೆ ಅವನು ಕರೆಂಟಿನ ಸಾಹೇಬ. ಆಫೀಸಿನ ಲೈನ್‌ಮನ್‌ಗಳ ಬಾಯಲ್ಲಿ ಮಾತ್ರ ‘ಕಾಗದದ ಕರೆಂಟು’. ಮುಟ್ಟಿದರೆ ಹೊಡೆಯುವುದಿಲ್ಲವಂತೆ, ತಿಂಗಳಿಗೊಮ್ಮೆ ಬಿಲ್ ನೋಡಿದಾಗಷ್ಟೇ ಹೊಡೆಯುತ್ತದಂತೆ. ಈ ಮಾತನ್ನು ಹುಟ್ಟಿಸಿದವನು ಹಿರಿಯ ಲೈನ್‌ಮನ್ ಕಾಸೀಮಸಾಬ. ಅವನ ಮುಂದೆ ಒಮ್ಮೆಯಾದರೂ ಸ್ಕ್ರೂಡ್ರೈವರ್ ಹಿಡಿದು ಮೆರೆಯಬೇಕೆಂಬುದು ಪಂಪಾಪತಿಯ ಜೀವಮಾನದ ಮಹದಾಸೆ.

ಅವಕಾಶ ಒಂದು ಮೊಬೈಲ್ ವಿಡಿಯೋ ರೂಪದಲ್ಲಿ ಒದಗಿತು. ಯಾರೋ ಪುಣ್ಯಾತ್ಮ ಮನೆಯಲ್ಲೇ ಬಿಯರ್ ಮಾಡುವುದನ್ನು ತೋರಿಸುತ್ತಿದ್ದ. ಮೊಳಕೆಯ ಕಾಳನ್ನು ಒಣಗಿಸಿ, ಒಡೆದು, ಅರವತ್ತೈದು ಡಿಗ್ರಿ ನೀರಿನಲ್ಲಿ ಒಂದು ತಾಸು ಇಟ್ಟು, ಆರಿಸಿ, ಹುದುಗಿಸಿದರೆ ಆಯಿತಂತೆ. ನಮ್ಮ ಜೋಳಕ್ಕೇನು ಕಡಿಮೆ ಎಂದು ಪಂಪಾಪತಿ ಹೆಂಡತಿ ಗೀತಾಳ ಎದುರು ಭಾಷಣವನ್ನೇ ಮಾಡಿದ. ಅವಳು ಪ್ರೈಮರಿ ಸಾಲಿಯ ಟೀಚರು. ಮೂವತ್ತೆಂಟು ಮಕ್ಕಳ ಭಾಷಣ ದಿನಾ ಕೇಳಿಸಿಕೊಂಡವಳು. ಪೂರ್ತಿ ಕೇಳಿ ಎರಡೇ ಷರತ್ತು ಹಾಕಿದಳು.

“ನಶೆ ಏರಬಾರದು. ಗ್ಯಾಸ್ ಉರೀಬಾರದು.”

ಮೊದಲನೆಯದಕ್ಕೆ ಅವನು ತಕ್ಷಣ ಒಪ್ಪಿದ. ಒಂದೇ ದಿನ ಹುದುಗಿಸಿ, ಬುರುಬುರು ನೊರೆ ಬರುತ್ತಲೇ ಫ್ರಿಜ್ಜಿಗೆ ಇಟ್ಟರಾಯಿತು, ತಲೆಗೇರುವ ಮಾತೇ ಇಲ್ಲ. ಎರಡನೆಯದಕ್ಕೆ ಉತ್ತರವಾಗಿ ಹುಟ್ಟಿದ್ದು ಪ್ಯಾನಲ್ಲು. ಗಂಗಾವತಿಗೆ ಹೋಗಿ ಪ್ಲಾಸ್ಟಿಕ್ ಪೆಟ್ಟಿಗೆ, ಹೀಟರ್ ಕಾಯಿಲ್, ಕೆಂಪು ಹಸಿರು ದೀಪ, ನಾಲ್ಕು ಸ್ವಿಚ್ಚು, ಜೊತೆಗೆ ಶಾಖವನ್ನು ಅಂಕಿಯಲ್ಲಿ ತೋರಿಸುವ ಬೆಂಕಿಪೆಟ್ಟಿಗೆಯಷ್ಟು ಯಂತ್ರವೊಂದನ್ನು ತಂದ. ಯಂತ್ರಕ್ಕೆ ಬಾಲದಂತೆ ಒಂದು ವೈರು, ಬಾಲದ ತುದಿಗೆ ಸೆನ್ಸರ್ ಕಡ್ಡಿ. ಕಡ್ಡಿ ಪಾತ್ರೆಯೊಳಗೆ ಕುಳಿತು ಶಾಖ ಹೇಳಬೇಕು. ತಣ್ಣಗಿದ್ದರೆ ಯಂತ್ರ ಹೀಟರ್ ಹಚ್ಚಬೇಕು, ಅರವತ್ತೈದು ದಾಟಿದರೆ ಆರಿಸಬೇಕು. ಕೆಲಸ ಇಷ್ಟೇ.

ನಾಲ್ಕು ಸಂಜೆ ಕೂತು ಪಂಪಾಪತಿ ಜೋಡಿಸಿದ. ಸಾಲು ಹಿಡಿದು ಬಿಲ್ ಬರೆದ ಕೈ, ವೈರುಗಳೂ ಸಾಲು ಹಿಡಿದೇ ನಿಂತವು. ಅರ್ಥಿಂಗ್ ಕೂಡ ಮರೆಯಲಿಲ್ಲ. ಜೊತೆಗೆ ಬಂದ ಸೂಚನೆಯ ಹಾಳೆಯನ್ನು ಮಾತ್ರ ಓದಲಿಲ್ಲ (ಕರೆಂಟ್ ಆಫೀಸಿನವನು ಹಾಳೆ ಓದುವುದೇ?). ಅದರ ಮೇಲೆ ಚಹಾದ ಲೋಟ ಇಡುತ್ತಿದ್ದ. ಶನಿವಾರ ಕಾಸೀಮಸಾಬನನ್ನು ಕಂಡು, ನಾಳೆ ಹನ್ನೊಂದಕ್ಕೆ ಮನೆಗೆ ಬಂದು ಒಂದು ಕೌತುಕ ನೋಡಬೇಕೆಂದು ಆಹ್ವಾನಿಸಿಯೂ ಬಂದ.

ಭಾನುವಾರ ಬೆಳಿಗ್ಗೆ ಹಿತ್ತಲ ಪಡಸಾಲೆಯಲ್ಲಿ ಸಕಲ ಸಿದ್ಧತೆಯಾಯಿತು. ಬೇವೂರಿನಿಂದ ಬಂದಿದ್ದ ಅತ್ತೆ ಪಕ್ಕೀರವ್ವ ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಮುಂದಿನ ಸಾಲಿನ ಪ್ರೇಕ್ಷಕಳಾಗಿ ಕುಳಿತಳು. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ನೀರು, ನೀರಲ್ಲಿ ಕಡ್ಡಿ. ಪಂಪಾಪತಿ ದೇವರಿಗೆ ಕೈ ಮುಗಿದು ಸ್ವಿಚ್ ಹಾಕಿದ. ಕೆಂಪು ದೀಪ ಹತ್ತಿತು, ಯಂತ್ರ ಇಪ್ಪತ್ತೆಂಟು ಎಂದಿತು. ಹಸಿರು ದೀಪ ಹತ್ತಲಿಲ್ಲ, ನೀರು ಬಿಸಿಯಾಗಲಿಲ್ಲ. ಹದಿನೈದು ನಿಮಿಷವಾದರೂ ಇಪ್ಪತ್ತೆಂಟೇ.

ಅವನು ಪೆಟ್ಟಿಗೆಯನ್ನು ತಟ್ಟಿದ, ಸವರಿದ, ಬೈದ. ಕೊನೆಗೆ ಕಡ್ಡಿಯನ್ನು ಹೊರತೆಗೆದು, ಕೆಟ್ಟಿದೆಯೋ ಏನೋ ನೋಡೋಣವೆಂದು ಅತ್ತೆಯ ಕೈಯಲ್ಲಿದ್ದ ಬಿಸಿ ಚಹಾದೊಳಗೆ ಅದ್ದಿದ. ಅಂಕಿ ಸರಸರನೆ ಎಪ್ಪತ್ತಕ್ಕೇರಿತು. ಹಸಿರು ದೀಪ ಫಳ್ಳನೆ ಹತ್ತಿತು, ಪಾತ್ರೆ ಗುಂಯ್ ಎಂದಿತು.

“ನೋಡ್ರಿ ಅತ್ತಿ, ಕಡ್ಡಿಗೆ ಥಂಡಿ ಹಿಡದಿತ್ತು” ಎಂದ ಪಂಪಾಪತಿ.

ಕಡ್ಡಿಯನ್ನು ಮತ್ತೆ ಪಾತ್ರೆಗಿಟ್ಟರೆ ಹೀಟರ್ ಬಂದ್. ಚಹಾಕ್ಕಿಟ್ಟರೆ ಶುರು. ಚಹಾ ಆರುತ್ತಲೇ ಮತ್ತೆ ಬಂದ್. ವಿಜ್ಞಾನದ ಮುಂದೆ ವಾದವಿಲ್ಲ. ಈ ಯಂತ್ರಕ್ಕೆ ಚಹಾ ಬೇಕು. ಪಂಪಾಪತಿ ಒಳಗೆ ಹೋಗಿ ಇನ್ನೊಂದು ಲೋಟಕ್ಕೆ ಹೇಳಿದ. ಹತ್ತು ನಿಮಿಷಕ್ಕೆ ಮತ್ತೊಂದಕ್ಕೆ. ಆರಿದ ಚಹಾ ಚೆಲ್ಲಲು ಮನಸ್ಸಾಗದೆ ತಾನೇ ಕುಡಿಯುತ್ತಿದ್ದ. ಏಳನೆಯ ಲೋಟದ ಹೊತ್ತಿಗೆ ಗೀತಾಳ ಒಲೆ ಒಂದು ತಾಸಿನಿಂದ ಎಡೆಬಿಡದೆ ಉರಿಯುತ್ತಿತ್ತು. ಅವಳು ಚಹಾದ ಪಾತ್ರೆಯನ್ನೇ ಹೊತ್ತು ಹಿತ್ತಲಿಗೆ ಬಂದಳು.

“ಗ್ಯಾಸ್ ಉಳಸಾಕ ಕರೆಂಟು, ಕರೆಂಟ್ ನಡ್ಯಾಕ ಗ್ಯಾಸು. ಏನ್ರೀ ನಿಮ್ಮ ಲೆಕ್ಕ?”

ಲೆಕ್ಕ ಕೇಳಿದವಳಿಗೆ ಫಲಿತಾಂಶವೇ ಉತ್ತರ ಎಂಬಂತೆ ಅಷ್ಟರಲ್ಲಿ ನೀರು ಹಬೆಯಾಡತೊಡಗಿತು. ಮೊಳಕೆ ಬರಿಸಿ ಒಡೆದಿಟ್ಟಿದ್ದ ಜೋಳದ ನುಚ್ಚು ಸುರಿದು, ಕಡ್ಡಿಯನ್ನು ಪಾತ್ರೆಗಿಟ್ಟರೆ ಅಂಕಿ ಅರವತ್ತಾರು. ಹಸಿರು ದೀಪ ಆರಲೇ ಇಲ್ಲ. ಚಹಾದ ಹಂಗಿಲ್ಲದೆ ಹೀಟರ್ ಸ್ವತಂತ್ರವಾಗಿ ನಡೆಯಿತು. ಪಂಪಾಪತಿ ಆಕಾಶ ನೋಡಿ ಉಸಿರುಬಿಟ್ಟು, ಕಾಸೀಮಸಾಬ ಬರುವುದರೊಳಗೆ ಸ್ನಾನ ಮುಗಿಸಿ ಇಸ್ತ್ರಿ ಅಂಗಿ ಹಾಕೋಣವೆಂದು ಬಚ್ಚಲಿಗೆ ನಡೆದ.

ಮುಖಕ್ಕೆ ಸೋಪು ಹಚ್ಚಿದ್ದಾಗ ಅತ್ತೆಯ ಕೂಗು ಕೇಳಿಸಿತು. ಟವೆಲ್ ಸುತ್ತಿಕೊಂಡು ಬಂದು ಒಂದೇ ಕಣ್ಣು ತೆರೆದು ನೋಡಿದರೆ ಅಂಕಿ ತೊಂಬತ್ತೆಂಟು, ಪಾತ್ರೆಯಿಂದ ಬೂದು ನೊರೆ ಉಕ್ಕಿ ಪಡಸಾಲೆಯ ತುಂಬ ಹರಿಯುತ್ತಿತ್ತು. ಪಂಪಾಪತಿ ತಾನೇ ಜೋಡಿಸಿದ ನಾಲ್ಕು ಸ್ವಿಚ್ಚುಗಳಲ್ಲಿ ಯಾವುದು ಯಾವುದೆಂದು ನೆನಪಿಸಿಕೊಳ್ಳುತ್ತ ನಿಂತ. ಪಕ್ಕೀರವ್ವ ಎದ್ದುಹೋಗಿ ಗೋಡೆಯ ಸ್ವಿಚ್ಚನ್ನು ಟಕ್ಕೆಂದು ಆರಿಸಿದಳು.

“ತಣ್ಣಗಿದ್ರ ಸುಮ್ಮ ಕುಂದರತೈತಿ, ಬಿಸಿ ಆದ್ರ ಇನ್ನಷ್ಟು ಕಾಯಸತೈತಿ. ತಿರುಗಾಮುರುಗಾ ಆಗೈತಿ ನೋಡವ್ವ” ಎಂದು ಮಗಳಿಗೆ ಹೇಳಿದಳು.

ಅವನು ಕಣ್ಣುರಿ ತಾಳಲಾರದೆ ಬಚ್ಚಲಿಗೆ ಓಡಿದ. ಗೀತಾ ಪ್ಲಗ್ ಕಿತ್ತು, ಚಹಾದ ಕಲೆಯಾಗಿದ್ದ ಹಾಳೆಯನ್ನು ಬಿಡಿಸಿ ಓದಿದಳು. ಅಕ್ಕಪಕ್ಕ ಮೂರು ಸ್ಕ್ರೂಗಳ ಚಿತ್ರವಿತ್ತು. ಹೀಟರಿನ ವೈರು ಮೊದಲನೆಯದರಲ್ಲಿರಬೇಕು. ಗಂಡ ಮೂರನೆಯದಕ್ಕೆ ಕಟ್ಟಿದ್ದ. ಪೆಟ್ಟಿಗೆಯ ಮುಚ್ಚಳ ತೆಗೆದು ಆ ಒಂದು ವೈರನ್ನು ಬದಲಿಸಿ, ಮತ್ತೆ ಮುಚ್ಚಿದಳು. ಅಷ್ಟರಲ್ಲಿ ಪಕ್ಕೀರವ್ವ ಬೆಂದ ನುಚ್ಚನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ ಹಾಕಿ ಅಂಬಲಿ ಮಾಡಿಬಿಟ್ಟಳು.

ಇಸ್ತ್ರಿ ಅಂಗಿ ತೊಟ್ಟು ಹೊರಬಂದ ಪಂಪಾಪತಿಗೆ ಇದೊಂದೂ ಗೊತ್ತಿಲ್ಲ. ಅವನ ಕಣ್ಣಿಗೆ ಬಿದ್ದದ್ದು ಅಂಟಂಟಾದ ನೆಲ, ಅದರ ನಡುವೆ ನಿಂತು ಪ್ಯಾನಲ್ಲಿನತ್ತ ನೋಡುತ್ತಿದ್ದ ಕಾಸೀಮಸಾಬ. ಇದನ್ನು ಯಾರು ಮಾಡಿದರೆಂದು ಕಾಸೀಮಸಾಬ ಕೇಳಿದ. ಇನ್ನು ನಿವೃತ್ತಿಯವರೆಗೂ ಆಫೀಸು ತನ್ನನ್ನು ಆಡಿಕೊಳ್ಳುವುದು ಬಿಡುವುದಿಲ್ಲ ಎಂದು ಪಂಪಾಪತಿಗೆ ಎನ್ನಿಸಿತು.

“ನಾನಲ್ರಿ ಕಾಸೀಮಣ್ಣ. ಇದೆಲ್ಲಾ ಇಕೀದ ಹುಚ್ಚು. ಒಂದ್ ವೈರೂ ನಾನು ಮುಟ್ಟಿಲ್ಲ.”

ಗೀತಾ ಗಂಡನ ಮುಖ ನೋಡಿ, ಪ್ಯಾನಲ್ಲನ್ನು ಕಾಸೀಮಸಾಬನ ಕಡೆಗೆ ಸರಿಸಿದಳು. ಕಾಸೀಮಸಾಬ ಕನ್ನಡಕ ಏರಿಸಿಕೊಂಡು ಮುಚ್ಚಳ ಬಿಚ್ಚಿದ. ಬಹಳ ಹೊತ್ತು ನೋಡಿದ. ಪಾತ್ರೆಗೆ ತಣ್ಣೀರು ಹಾಕಿಸಿ, ಕಡ್ಡಿ ಇಳಿಬಿಟ್ಟು, ಸ್ವಿಚ್ ಹಾಕಿದ. ಹಸಿರು ದೀಪ ತಕ್ಷಣ ಹತ್ತಿತು. ಎರಡು ಲೋಟ ಅಂಬಲಿ ಕುಡಿದು ಕಾದ. ಅರವತ್ತೈದಕ್ಕೆ ಟಿಕ್ ಎಂದು ದೀಪ ಆರಿತು.

“ಮೂವತ್ತು ವರ್ಷ ಕಂಬ ಹತ್ತೇನಿ ಅಕ್ಕಾರ, ಇಷ್ಟು ಸ್ವಚ್ಛ ವೈರಿಂಗ್ ನಮ್ಮ ಹುಡುಗ್ರ ಕೈಲೂ ಆಗಂಗಿಲ್ಲ.”

ಪಂಪಾಪತಿಯ ಬಾಯಿ ತೆರೆದೇ ಇತ್ತು. ಅದರಿಂದ, ಖರೆ ಹೇಳಬೇಕೆಂದರೆ ಇದನ್ನು ಮಾಡಿದವನು ತಾನೇ ಎಂಬ ಮಾತು ಬಂದೇಬಿಟ್ಟಿತು. ಕಾಸೀಮಸಾಬ ಅವನ ಹೆಗಲು ತಟ್ಟಿ ನಕ್ಕ. ಗೀತಾ ಪ್ರಾಮಾಣಿಕಳು, ಹೌದು, ತಾನು ಬದಲಿಸಿದ್ದು ಒಂದೇ ವೈರು, ಉಳಿದದ್ದೆಲ್ಲ ಅವರದೇ ಎಂದಳು. ಕಾಸೀಮಸಾಬನ ಕಣ್ಣಲ್ಲಿ ನೀರೇ ಬಂತು. ಗಂಡನ ಮಾನ ಕಾಯುವ ಇಂಥ ಹೆಣ್ಣುಮಗಳು ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತಾಳೆಂದು ಪಕ್ಕೀರವ್ವನಿಗೆ ಕೈ ಮುಗಿದು ಹೋದ.

ಸೋಮವಾರ ಪಂಪಾಪತಿ ಆಫೀಸಿಗೆ ಹೋದಾಗ ಅವನ ಮೇಜಿನ ಮೇಲೆ ಒಂದು ಇಸ್ತ್ರಿಪೆಟ್ಟಿಗೆ, ಒಂದು ಟೇಬಲ್ ಫ್ಯಾನು, ಸಾಹೇಬರ ಮನೆಯ ಮಿಕ್ಸರು ಸಾಲಾಗಿ ಕುಳಿತಿದ್ದವು. ಇವನ್ನೆಲ್ಲ ಸಂಜೆ ಮನೆಗೆ ಒಯ್ದು ಅಕ್ಕಾರ ಕೈಗೆ ಕೊಡಬೇಕೆಂದು ಕಾಸೀಮಸಾಬ ಹೇಳಿದ. ಬಾಗಿಲವರೆಗೆ ಹೋದವನು ಏನೋ ನೆನಪಾಗಿ ತಿರುಗಿ ನಿಂತ.

“ದಾರಿಯಾಗ ನೀವು ಬಿಚ್ಚಿ ನೋಡಾಕ ಹೋಗಬ್ಯಾಡ್ರಿ ಮತ್ತ.”