ಸರದಾರನಿಗೆ ನಾನು ಕಲಿಸಿದ ವಿದ್ಯೆ

ನಾಯಿಗೆ ಬುದ್ಧಿ ಕಲಿಸುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ. ಕಚೇರಿಯಲ್ಲಿ ಎಂತೆಂಥವರನ್ನೋ ದಾರಿಗೆ ತಂದವನು ನಾನು! ಆದರೆ ನಾಯಿ ಎಂದರೆ ನನಗೆ ಪ್ರಾಣಭಯ ಎಂಬ ಸಣ್ಣ ಸಂಗತಿಯೊಂದು ಮರೆತುಹೋಗಿತ್ತು.

ಭೀಮರಾಯನಗುಡಿಯ ನಮ್ಮ ಕ್ವಾರ್ಟರ್ಸಿಗೆ ಸರದಾರನೆಂಬ ಈ ನಾಯಿಯನ್ನು ತಂದವಳು ನನ್ನ ಹೆಂಡತಿ ಮಹಾದೇವಿ. ಕಪ್ಪು ಮೈ, ಹಳದಿ ಕಣ್ಣು, ನೋಟ ಸದಾ ನನ್ನ ಮೀನಖಂಡದ ಮೇಲೆ. ಅವನು ಅಂಗಳದಲ್ಲಿದ್ದರೆ ನಾನು ಹಿತ್ತಲ ಬಾಗಿಲಿನಿಂದ ಕಚೇರಿಗೆ ಹೋಗುತ್ತಿದ್ದೆ. ಅವನು ಹಿತ್ತಲಿಗೆ ಬಂದರೆ ಅವತ್ತು ನನಗೆ ರಜೆ.

ದೋರನಹಳ್ಳಿಯಿಂದ ಬಂದ ಮಾವ ನನ್ನ ಅವಸ್ಥೆ ನೋಡಿ ಕೈಗೊಂದು ಬಡಿಗೆ ಕೊಟ್ಟರು.

"ನಾಯಿಗಿ ಅಂಜಿಕಿ ಇರಬೇಕ್ರಿ ಅಳಿಯಂದ್ರ. ನಮ್ಮ ಕಾಲದಾಗ ಬಡಿಗಿ ಎತ್ತಿದ್ರ ಸಾಕು, ಗಪ್‌ಚುಪ್!"

ನಾನು ಬಡಿಗೆ ಎತ್ತಿದೆ. ಸರದಾರ ಹಲ್ಲು ತೋರಿಸಿದ. ಬಡಿಗೆ ಅಂಗಳದಲ್ಲಿ ಬಿದ್ದಿತ್ತು, ನಾನು ಬಚ್ಚಲಲ್ಲಿದ್ದೆ.

ಆಮೇಲೆ ಮೊಬೈಲಿನಲ್ಲಿ ಒಬ್ಬ ಪಂಡಿತ ಸಿಕ್ಕ. ನಾಯಿ ತೋಳದ ವಂಶದ್ದು, ಗುಂಪಿಗೆ ನೀವೇ ನಾಯಕರಾಗಬೇಕು, ಕಣ್ಣಲ್ಲಿ ಕಣ್ಣಿಟ್ಟು ಅದನ್ನು ಸೋಲಿಸಬೇಕು ಎಂದ. ಸರದಾರನನ್ನು ದಿಟ್ಟಿಸಿದೆ. ಅವನೂ ದಿಟ್ಟಿಸಿದ. ನನ್ನ ಕಣ್ಣಲ್ಲಿ ನೀರು ಬಂತು, ಅವನ ಗಂಟಲಲ್ಲಿ ಗುರ್ ಎಂಬ ಸದ್ದು ಬಂತು. ಗುಂಪಿನ ನಾಯಕರು ಆ ಸಂಜೆಯನ್ನು ನೀರಿನ ಟಾಕಿಯ ಮೇಲೆ ಕಳೆದರು!

ಕೊನೆಗೆ ದನದ ದವಾಖಾನೆಯ ಡಾಕ್ಟರಮ್ಮನ ಬಳಿ ಹೋದೆ.

"ಅವೆಲ್ಲಾ ಹಳೇ ವಿಚಾರ ಆದವ್ರಿ" ಎಂದರು ಅವರು. "ನಿಮ್ಮ ಯಜಮಾನಿಕಿ ಅದಕ್ಕ ಬ್ಯಾಡ. ಅದೂ ನಿಮಗ ಅಂಜಾಕತ್ತದ, ಅದಕ್ಕೇ ಗುರುಗುಡತದ. ಬಡೀಬ್ಯಾಡ್ರಿ. ದಿನಾ ಒಂದೇ ಸಪ್ಪಳ ಮಾಡ್ರಿ, ಬಂದು ಕುಂತ್ರ ತಿನ್ನಾಕ ಕೊಡ್ರಿ."

ಆ ಸಪ್ಪಳಕ್ಕೆಂದೇ ಪೇಟೆಯಲ್ಲಿ, ಒತ್ತಿದರೆ ಕಟ್ ಎನ್ನುವ ಪುಟ್ಟ ಡಬ್ಬಿ ಸಿಗುತ್ತದಂತೆ. ನಮ್ಮ ಮನೆಯಲ್ಲಿ ಖಡಕ್ ರೊಟ್ಟಿಗೇನು ಬರವೇ? ಕಿಟಕಿಯ ಸರಳುಗಳ ಒಳಗೆ ಭದ್ರವಾಗಿ ನಿಂತು, ಕಟ್ ಎಂದು ರೊಟ್ಟಿ ಮುರಿದು ತುಂಡು ಎಸೆಯತೊಡಗಿದೆ. ಕೆಲವೇ ದಿನಗಳಲ್ಲಿ ಸರದಾರ ಎಲ್ಲಿದ್ದರೂ ಕಟ್ ಎಂದೊಡನೆ ಓಡಿಬಂದು ಕುಳಿತು ಬಾಲ ಅಲ್ಲಾಡಿಸುತ್ತಿದ್ದ. ನಾನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಅಷ್ಟರಲ್ಲಿ ನಾದಿನಿ ಸುನಂದಾಳನ್ನು ನೋಡಲು ದೇವಾಪುರದಿಂದ ಹುಡುಗನ ಕಡೆಯವರು ಬಂದರು. ಇಲ್ಲೇ ಶಾಲೆಯಲ್ಲಿ ಕಲಿಸುವ ಅವಳು ನಮ್ಮ ಮನೆಯಲ್ಲೇ ಇದ್ದಳು. ಹುಡುಗ ಅವಳ ಮನಸ್ಸಿಗೆ ಬಂದಿದ್ದ. ಈ ಸಂಬಂಧ ತಪ್ಪಬಾರದೆಂದು ಮಾವ ಉಸಿರು ಬಿಗಿಹಿಡಿದು ಓಡಾಡುತ್ತಿದ್ದರು. ಮಾತು ಪಕ್ಕಾ ಆಗುವ ಮುಂಚೆ ಊಟ. ಎಣ್ಣೆಗಾಯಿ, ಶೇಂಗಾ ಹಿಂಡಿಯ ಚಟ್ನಿಪುಡಿ, ಖಡಕ್ ರೊಟ್ಟಿ. ಮೊದಲ ರೊಟ್ಟಿ ಮುರಿದವರು ಹುಡುಗನ ತಂದೆ.

ಕಟ್!

"ಸರದಾರನ್ನ ಕಟ್ಟೀದಿ ಹೌದಿಲ್ಲೋ?" ಎಂದು ಹೆಂಡತಿಯ ಕಿವಿಯಲ್ಲಿ ಕೇಳಿದೆ.

"ಯಾಕ ಕಟ್ಟಬೇಕ್ರಿ? ಶಾಣ್ಯಾ ಆಗ್ಯಾನ ಅಂತ ನೀವೇ ಹೇಳೀರಲ್ಲ!"

ಕಟ್! ಕಟಕ್! ಇಡೀ ಪಂಕ್ತಿ ರೊಟ್ಟಿ ಮುರಿಯಿತು. ಸರದಾರ ನುಗ್ಗಿದ. ಪಾಪ, ಕಲಿಸಿದ್ದನ್ನು ಒಂದಿಷ್ಟೂ ತಪ್ಪಲಿಲ್ಲ. ಹುಡುಗನ ತಂದೆಯ ಎದುರು ಶಿಸ್ತಾಗಿ ಕುಳಿತ. ಅವರು ಕೊಡಲಿಲ್ಲ. ತಾಯಿಯ ಎದುರು ಕುಳಿತ. ಅವರು ಚೀರಿದರು. ಆಚೆ ಬದಿ ಕಟ್ ಎಂದಿತು, ಹಿಂಡಿಯ ತಟ್ಟೆ ತುಳಿದು ಅಲ್ಲಿಗೆ ಹಾರಿದ. ಯಾರೂ ಏನೂ ಕೊಡದ ಸಿಟ್ಟಿಗೆ ಬೊಗಳತೊಡಗಿದ. ಎಲ್ಲರೂ ಎದ್ದು ನಿಂತರು.

"ಅಳಿಯಂದ್ರ, ಹಿಡೀರಿ ಅದನ್ನ!" ಎಂದು ಮಾವ ಕೂಗಿದರು.

ನಾನು ಬಡಿಸಲು ರೊಟ್ಟಿಯ ಬುಟ್ಟಿ ಹಿಡಿದಿದ್ದೆ. ಭಯಕ್ಕೆ ಕೈ ನಡುಗಿತು. ಬುಟ್ಟಿಯೊಳಗಿನ ರೊಟ್ಟಿಗಳೆಲ್ಲ ಕಟಕಟ ಎಂದವು! ಸರದಾರ ನನ್ನ ಕಡೆ ತಿರುಗಿದ.

ಮುಂದಿನದು ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕುರ್ಚಿಯ ಮೇಲೆ ನಿಂತು ಹುಡುಗನ ತಂದೆಯ ಕೊರಳು ತಬ್ಬಿಕೊಂಡಿದ್ದೆ. ಅವರ ರುಮಾಲು ಎಣ್ಣೆಗಾಯಿಯಲ್ಲಿತ್ತು. ಸುನಂದಾ ಒಳಗಿನಿಂದ ಬಂದು, ಒಂದು ತುಂಡು ರೊಟ್ಟಿ ಕೊಟ್ಟು, ಸರದಾರನನ್ನು ಸುಮ್ಮನೆ ಕರೆದುಕೊಂಡು ಹೋದಳು.

ಹುಡುಗಿಯ ಮದುವೆ ನನ್ನಿಂದ ಕೆಟ್ಟಿತೆಂದೇ ತಿಳಿದೆ. ಹುಡುಗನ ತಂದೆ ನನ್ನ ತೋಳು ಬಿಡಿಸಿಕೊಂಡು ಮಾವನತ್ತ ತಿರುಗಿದರು.

"ಹುಡುಗಿ ಗಟ್ಟಿ ಅದಾಳ್ರಿ. ಖರೆ, ಈ ಅಂಜುಬುರುಕತನ ನಿಮ್ಮ ಖಾನದಾನದಾಗ ಅದ ಏನ್ರಿ? ನಾಳಿ ನಮ್ಮ ಮೊಮ್ಮಕ್ಕಳಿಗಿ ಬಂದ್ರ?"

ಮಾವ ಎದೆ ತಟ್ಟಿಕೊಂಡರು. "ಛೇ ಛೇ, ಇಲ್ರಿ ಬೀಗ್ರ! ನಮ್ಮ ರಕ್ತದಾಗ ಹಂಥವ್ರು ಯಾರೂ ಇಲ್ಲ. ಇವ್ರು ಬರೇ ಅಳಿಯ!"

ಎಲ್ಲರೂ ನನ್ನತ್ತ ನೋಡಿದರು. ಸುನಂದಾಳೂ ಬಾಗಿಲ ಸಂದಿನಿಂದ ನೋಡಿದಳು. ನಾನು ಕುರ್ಚಿಯ ಮೇಲಿಂದಲೇ ಎರಡೂ ಕೈ ಜೋಡಿಸಿದೆ.

"ಹೌದ್ರಿ," ಎಂದೆ. "ನಾ ಹೊರಗಿನವ!"